ಸುತ್ತಿಗೆ ಸದ್ದಿನಲ್ಲಿ ಮಲಗಿದ್ದ ಕೂಸು

ತುಮಕೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಿಗೆ ವಾರ್ಡಿನಲ್ಲೇ ಕಿವಿಯ ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಸಂಶಯ ಬಂದರೆ ಮತ್ತೊಮ್ಮೆ ಬರಹೇಳುತ್ತಾರೆ. ಬಾರದವರ ಮನೆ ಹುಡುಕಿಕೊಂಡು ಹೋಗಿ ಕರೆತರುವುದು ನನ್ನ ಕೆಲಸ. ಕುಣಿಗಲ್ಲಿನಲ್ಲಿ ನನ್ನನ್ನು ಕಂಡು ಬಾಗಿಲು ಹಾಕಿಕೊಂಡವರಿದ್ದಾರೆ. ಗೂಳೂರಿನಲ್ಲಿ ಎಳನೀರು ಕೊಟ್ಟು, ಆ ಮಾತು ಮಾತ್ರ ಎತ್ತಬೇಡಿ ಎಂದವರಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದುಹೋದವರು ಗುಬ್ಬಿಯ ಒಬ್ಬ ಅಜ್ಜ.

ಅವರದು ಕುಕ್ಕರ್, ಗ್ಯಾಸ್ ಸ್ಟವ್ ರಿಪೇರಿ ಅಂಗಡಿ. ಅದರ ಹಿಂದೆಯೇ ಮನೆ. ನಾನು ಹೋದಾಗ ಸೊಟ್ಟಗಾದ ಪಾತ್ರೆಯೊಂದರ ತಳ ಬಡಿಯುತ್ತಾ ಕೂತಿದ್ದರು. ಪಕ್ಕದ ಜೋಲಿಯಲ್ಲಿ ಮೊಮ್ಮಗ ನಿದ್ದೆ ಮಾಡುತ್ತಿದ್ದ.

"ನೋಡಮ್ಮಾ, ಇಷ್ಟು ಗಲಾಟೇಲೂ ಹೆಂಗೆ ಮಲಗವ್ನೆ! ಒಂಚೂರೂ ಕಾಟ ಇಲ್ಲ," ಎಂದರು.

ಬಂದ ವಿಷಯ ಹೇಳಿದೆ. ಸುತ್ತಿಗೆ ಕೆಳಗಿಟ್ಟರು.

"ಕಿವಿ ಕೇಳ್ಸಲ್ವಾ? ಏನ್ ಮಾತಾಡ್ತೀರ! ಹುಟ್ಟಿದ ದಿನ ಇವ್ನ ಕಿವೀಲಿ ಆಜಾನ್ ಹೇಳಿದ್ದೇ ನಾನು. ಕಣ್ಣು ಬಿಟ್ಟು ನನ್ನೇ ನೋಡ್ದ."

ಒಳಗಿದ್ದ ಸೊಸೆ ಬಾಗಿಲಿಗೆ ಬಂದು ನಿಂತಳು. "ಕುಕ್ಕರ್ ಸೀಟಿ ಹೊಡೆದ್ರೂ ಬೆಚ್ಚಲ್ಲ ಅಬ್ಬಾ," ಎಂದಳು ಮಾವನಿಗೆ. "ನಾನು ನೋಡ್ತಾನೇ ಇದೀನಿ. ಹೇಳೋಕೆ ಧೈರ್ಯ ಬರ್ಲಿಲ್ಲ."

ಅಜ್ಜ ಅವಳ ಕಡೆ ತಿರುಗಿದರು. ಬೈಯಲಿಲ್ಲ. "ಯಾವತ್ತು ಬರ್ಬೇಕು?" ಎಂದು ನನ್ನನ್ನು ಕೇಳಿದರು.

ಎರಡನೇ ಸಲ ಮಾಡುವ ದೊಡ್ಡ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಅಂಗಡಿಯ ಸದ್ದಿನಲ್ಲಿ ಹಾಯಾಗಿ ಮಲಗುತ್ತಿದ್ದ ಕೂಸು, ಹೊಸ ಜಾಗವೆಂದೋ ಏನೋ, ಆಸ್ಪತ್ರೆಯ ಮೌನದಲ್ಲಿ ರಚ್ಚೆ ಹಿಡಿಯಿತು. ಅಜ್ಜ ಅದನ್ನು ಎದೆಗವುಚಿಕೊಂಡು ಕಾರಿಡಾರಿನ ಉದ್ದಕ್ಕೂ ಓಡಾಡಿದರು. ಕೊನೆಗೂ ಮಲಗಿತು. ತಲೆಗೆ ವೈರುಗಳನ್ನು ಅಂಟಿಸಿದರು.

ಎರಡು ಕಿವಿಯೂ ಹೆಚ್ಚುಕಮ್ಮಿ ಕೇಳಿಸುವುದಿಲ್ಲ ಎಂದರು ಡಾಕ್ಟರು. ಈಗಲೇ ಕಿವಿಗೆ ಮೆಷಿನ್ ಹಾಕಿ ತರಬೇತಿ ಶುರುಮಾಡಿದರೆ ಮಾತು ಬರಬಹುದು, ಸಾಲದಿದ್ದರೆ ಮುಂದೆ ಆಪರೇಷನ್ ಇದೆ ಎಂದೂ ಹೇಳಿದರು. ಅಜ್ಜ ಎಲ್ಲದಕ್ಕೂ ತಲೆಯಾಡಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ನನ್ನ ಕಡೆ ತಿರುಗಿ, "ಹಂಗಾದ್ರೆ ಹುಟ್ಟಿದ ದಿನ ನಾನು ಹೇಳಿದ್ದು ಇವ್ನಿಗೆ ಕೇಳ್ಸೇ ಇಲ್ವಾ ತಾಯಿ?" ಎಂದರು.

ಸೊಸೆ ಮಗುವಿನ ಟೋಪಿ ಸರಿಮಾಡುತ್ತಾ ತಲೆ ತಗ್ಗಿಸಿಯೇ ಕೂತಿದ್ದಳು.

ಮೆಷಿನ್ ಬಂದಮೇಲೆ ಅಜ್ಜ ವಾರ ವಾರವೂ ಅಂಗಡಿ ಮುಚ್ಚಿ ತರಬೇತಿಗೆ ಬರತೊಡಗಿದರು. ಮಗುವಿನ ಜೊತೆ ಸದಾ ಮಾತಾಡುತ್ತಿರಿ ಎಂದು ಟೀಚರ್ ಹೇಳಿದ್ದೇ ತಡ, ಬಸ್ಸಿನಲ್ಲೂ ಸುಮ್ಮನಿರುತ್ತಿರಲಿಲ್ಲ. "ಅಗೋ ಲಾರಿ. ಅಗೋ ತೆಂಗಿನಮರ. ನೋಡ್ಲಾ, ಹಸು." ಜನ ನಗುತ್ತಿದ್ದರಂತೆ. "ನಗ್ಲಿ ಬುಡಿ," ಎನ್ನುತ್ತಿದ್ದರು.

ಒಂದು ವಾರ ಅವರು ಬರಲಿಲ್ಲ. ಫೋನ್ ಮಾಡಿದೆ. "ಅಬ್ಬಾ ಹೋಗ್ಬಿಟ್ರು ಅಕ್ಕಾ," ಎಂದಳು ಸೊಸೆ. ಎದೆನೋವು ಅಂದವರು ಆಸ್ಪತ್ರೆ ತಲುಪಲೇ ಇಲ್ಲ.

ಗುಬ್ಬಿಗೆ ಹೋದೆ. ಅಂಗಡಿಯ ಶಟರ್ ಇಳಿದಿತ್ತು. ಮಗುವಿನ ಕಿವಿ ಬರಿದಾಗಿತ್ತು.

"ಮನೆ ತುಂಬ ಅಳ್ತಾ ಇದ್ರು. ಅದೇನ್ ಕೇಳೋದು ಅವ್ನು ಅಂತ ತೆಗ್ದಿಟ್ಟೆ," ಎಂದಳು.

"ಹಾಕಮ್ಮ," ಎಂದೆ. ಪೆಟ್ಟಿಗೆ ತಂದು, ಎರಡು ಕಿವಿಗೂ ಮೆಷಿನ್ ಹಾಕಿದಳು.

ಅವಳ ಗಂಡ ಲಾರಿ ಡ್ರೈವರ್, ಊರಲ್ಲಿರುವುದೇ ಅಪರೂಪ. ಅವಳು ತುಮಕೂರಿಗೆ ಎಂದೂ ಒಬ್ಬಳೇ ಬಂದವಳಲ್ಲ. ಆದರೂ ಮುಂದಿನ ತಿಂಗಳಿನಿಂದ ಮಗುವನ್ನೆತ್ತಿಕೊಂಡು ಒಬ್ಬಳೇ ಬಂದಳು. ಮಳೆಗಾಲ ಕಳೆದಮೇಲೆ ಒಂದು ದಿನ ತರಬೇತಿಯ ಕೋಣೆಯಲ್ಲಿ ಅವಳು ಹಿಂದಿನಿಂದ ಹೆಸರು ಹಿಡಿದು ಕೂಗಿದಾಗ ಮಗು ಕೈಯಲ್ಲಿದ್ದ ಚೆಂಡು ಬಿಟ್ಟು ತಿರುಗಿತು. ಮತ್ತೆ ಕೂಗಿದಳು. ಮತ್ತೆ ತಿರುಗಿತು.

ಹೊರಗೆ ಬೆಂಚಿನ ಮೇಲೆ ಕೂತು ಫೋನ್ ತೆಗೆದಳು. ಯಾರ ನಂಬರನ್ನೂ ಒತ್ತದೆ ಮಡಿಲಲ್ಲಿಟ್ಟುಕೊಂಡಳು.

"ಯಾರಿಗೆ ಹೇಳ್ಲಿ ಅಕ್ಕಾ?"

"ನಂಗೆ ಹೇಳು," ಎಂದೆ.

ನಾನು ಅಲ್ಲೇ ನಿಂತು ನೋಡಿದ್ದನ್ನೇ, ನಾನೇನೂ ಕಾಣದವಳೆಂಬಂತೆ, ಮೊದಲಿನಿಂದ ಹೇಳತೊಡಗಿದಳು. ಚೆಂಡಿನವರೆಗೆ ಹೇಳಿದಳು. ಆಮೇಲೆ ಅಳು ಬಂದು ಮಾತು ನಿಂತಿತು.