ದಿಂಬಿನೊಳಗಿನ ಸೂಜಿಗಲ್ಲು

ಹೊಲಿಗೆ ಡಬ್ಬಿ ಕೊಡವಿದಾಗ ಆ ಸೂಜಿಗಲ್ಲು ಬಿತ್ತು. ಹಳೇ ಸ್ಪೀಕರಿನೊಳಗಿನದು, ದುಂಡಗಿನದು. ಮೈತುಂಬ ತುಕ್ಕು ಹಿಡಿದ ಗುಂಡುಸೂಜಿಗಳು. ಕಂಡರೆ ಈಗಲೂ ಸಿಟ್ಟು ಬರುತ್ತದೆ.

ಅದು ಪೀಣ್ಯದ ವಠಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವಳದು. ಗದಗದ ಕಡೆಯವಳು, ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ಹೊಲಿದವಳು. ಅಲ್ಲಿ ಸೂಜಿ ಮುರಿದರೆ ಚೂರೆಲ್ಲ ಹುಡುಕಿ ಒಪ್ಪಿಸಬೇಕು, ಆಮೇಲೆಯೇ ಹೊಸ ಸೂಜಿ. ಕೆಲಸ ಬಿಟ್ಟು ಮನೆಯಲ್ಲಿ ರವಿಕೆ ಹೊಲಿಯುವಾಗಲೂ ಆ ಅಭ್ಯಾಸ ಹೋಗಲಿಲ್ಲ; ನೆಲಕ್ಕೆ ಬಿದ್ದ ಚೂರನ್ನೆಲ್ಲ ಈ ಸೂಜಿಗಲ್ಲಿನಿಂದ ಹೆಕ್ಕುತ್ತಿದ್ದಳು. ಸೂಜಿಗಲ್ಲು ಕಾಣದಿದ್ದರೆ ಇಡೀ ವಠಾರವನ್ನೇ ಹುಡುಕಿಸುತ್ತಿದ್ದಳು.

ಅವಳ ತಲೆಯಲ್ಲಿ ನೀರು ತುಂಬಿಕೊಂಡಿತ್ತು. ಪಾದ ನೆಲಕ್ಕೆ ಅಂಟಿದ ಹಾಗೆ ನಡೆಯುತ್ತಿದ್ದಳು. ಆಪರೇಷನ್ ಮಾಡಿ ಕಿವಿಯ ಹಿಂದೆ, ಚರ್ಮದೊಳಗೆ ಒಂದು ವಾಲ್ವು ಕೂರಿಸಿದರು. ಹೆಚ್ಚಾದ ನೀರು ಅದರಿಂದ ಸಣ್ಣ ಕೊಳವೆಯಲ್ಲಿ ಹೊಟ್ಟೆಗೆ ಇಳಿಯುತ್ತದಂತೆ. ಎಷ್ಟು ಇಳಿಯಬೇಕೆಂದು ಹೊರಗಿನಿಂದಲೇ ತಿರುಗಿಸಬಹುದಂತೆ. ಸ್ವಲ್ಪ ದಿನಕ್ಕೆ ಅಂಗಡಿಗೆ ಒಬ್ಬಳೇ ಹೋಗಿ ಬಂದಳು.

ಅವಳ ಮಗಳು ಫ್ಯಾಕ್ಟರಿಗೆ ಹೋದರೆ ಹಗಲು ಅವಳನ್ನು ನೋಡಿಕೊಳ್ಳುವವಳು ನಾನು. ಸೂಜಿಗಲ್ಲು ಹುಡುಕಿ ಹುಡುಕಿ ಸಾಕಾಗಿತ್ತು. ಒಂದು ದಿನ ಅದನ್ನು ಅವಳ ದಿಂಬಿನ ಕವರಿನೊಳಗೆ ತುರುಕಿ, "ಇಲ್ಲೇ ಬಿದ್ದಿರ್ಲಿ, ಇನ್ನು ನನ್ನ ಜೀವ ತಿನ್ಬೇಡ" ಅಂದೆ. ಅವಳು ಮಲಗುತ್ತಿದ್ದದ್ದು ಆ ಕಿವಿಯ ಮಗ್ಗುಲಿಗೇ.

ಕೆಲವೇ ದಿನಕ್ಕೆ ಕಾಲು ಮತ್ತೆ ಅಂಟಿತು. ಹಾಸಿಗೆಯಲ್ಲೇ ಉಚ್ಚೆ. ಸೋಮಾರಿತನ ಅಂದುಕೊಂಡೆ.

"ಎದ್ದು ಹೋಗೋಕೇನು ದಾಡಿ ನಿಂಗೆ?"

"ಕಾಲ ಎತ್ತಾಕ ಆಗವಲ್ದವಾ... ಬೈಬ್ಯಾಡ."

ಬೈದೆ. ಸೀರೆ ಒಗೆಯುವಾಗೆಲ್ಲ ಬೈದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, "ತಲೆ ಹತ್ರ ಮ್ಯಾಗ್ನೆಟ್ ಏನಾದ್ರೂ ಇಟ್ಟಿದ್ರಾಮ್ಮ?" ದಿಂಬಿನೊಳಗಿನ ಸೂಜಿಗಲ್ಲಿನ ವಿಷಯ ಹೇಳಿದೆ. ಆ ವಾಲ್ವು ತಿರುಗುವುದೇ ಅದರಿಂದಂತೆ. ಸೂಜಿಗಲ್ಲು ದೂರವಿಡಿ ಎಂದು ಆಪರೇಷನ್ ಆದಾಗ ಕೊಟ್ಟ ಕಾರ್ಡಿನಲ್ಲಿ ಬರೆದಿತ್ತಂತೆ, ಇಂಗ್ಲಿಷಿನಲ್ಲಿ. ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದುವವಳು ನಾನು. ಬಾಯಲ್ಲಿ ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಕಿವಿಯ ಹಿಂದೆ ಒಂದು ಯಂತ್ರ ಇಟ್ಟು ತಿರುಗಿಸಿದರು. ಕೊಯ್ಯಲಿಲ್ಲ. ವಾರ ಕಳೆಯುವಷ್ಟರಲ್ಲಿ ನಡೆದಳು. "ನನ್ನ ತಲಿಯಾಗಿನ ನಳಾ ಬಂದ್ ಮಾಡಿದಾಕಿ ಈಕೀನ ನೋಡ್ರಿ!" ಎಂದು ವಠಾರಕ್ಕೆಲ್ಲ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಸೂಜಿಗಲ್ಲು ಕಿತ್ತುಕೊಂಡು ಬಂದೆ. ಆಮೇಲೆ ಅವಳು ಮಂಡಿಯೂರಿ, ನೆಲ ಸವರಿ ಸವರಿ ಸೂಜಿಚೂರು ಹುಡುಕುತ್ತಿದ್ದಳು.

ಹೋದ ವರ್ಷ ಎದೆನೋವು ಬಂದು ತೀರಿಕೊಂಡಳು. ತಲೆಯದಲ್ಲ, ಅದು ಬೇರೆ. ಬೈದದ್ದು ತಪ್ಪಾಯಿತು ಎಂದು ನಾನು ಹೇಳಲೇ ಇಲ್ಲ. ಅವಳು ನಕ್ಕುಬಿಟ್ಟಳಲ್ಲ, ಮುಗಿಯಿತು ಅಂದುಕೊಂಡಿದ್ದೆ...

ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ಎಸೆದೆ. ಸೂಜಿಗಲ್ಲು ಕೈಯಲ್ಲೇ ಇದೆ. ಎಲ್ಲಿಟ್ಟರೂ ಈಗ ಹುಡುಕುವವರಿಲ್ಲ.