ಒಡೆದ ಕಾಯಿಯ ಬಿಳಿ

ಕತ್ತಿಯ ಬೆನ್ನಿನ ಎರಡನೇ ಏಟಿಗೆ ಕಾಯಿ ಹೋಳಾಗುತ್ತದೆ. ನೀರು ಸ್ಟೀಲ್ ಲೋಟಕ್ಕೆ ಇಳಿಯುತ್ತದೆ. ಒಂದು ಕಡಿಯನ್ನು ಸರಸ ಮೇಜಿನ ಮೇಲೆ, ಎರಡು ಕಂಪ್ಯೂಟರ್ ಪರದೆಗಳ ನಡುವೆ, ಬಿಳಿ ಭಾಗ ತಮ್ಮತ್ತ ಮಾಡಿ ಟೇಪಿನ ಸುರುಳಿಯೊಂದಕ್ಕೆ ಒರಗಿಸಿ ಇಡುತ್ತಾರೆ. ಹಿಂದೆ ನಿಂತ ಸುಧಾಕರ ಅಭ್ಯಾಸಬಲದಿಂದ ಕೈ ಮುಗಿಯುತ್ತಾನೆ. ಇನ್ನೂ ಹೊತ್ತಿಕೊಳ್ಳದ ಕಪ್ಪು ಪರದೆಯಲ್ಲಿ ಅದು ಸರಸರಿಗೆ ಕಾಣುತ್ತದೆ.

“ಎಂತಕ್ ಕೈ ಮುಗುದದ್ದ್ ಮರಾಯಾ? ಇದ್ ಪೂಜಿ ಅಲ್ಲ. ಲೈಟ್ ಆಫ್ ಮಾಡ್. ಆ ಕೆಂಪ್ ಅಂಗಿ ತೆಗಿ, ಅದ್ರ ಬಣ್ಣ ಪೂರಾ ಪರದಿ ಮೇಲ್ ಬೀಳ್ತಾ ಇತ್ತ್.”

ಸುಧಾಕರ ಅಂಗಿ ಕಳಚಿ ಬನಿಯನ್ನಿನಲ್ಲಿ ನಿಲ್ಲುತ್ತಾನೆ. ಈ ಸ್ಟುಡಿಯೋದ ಯಜಮಾನ ಅವನೇ, ಆದರೆ ಈ ಹೊತ್ತಿನಲ್ಲಿ ಅವನ ಯಜಮಾನಿಕೆ ನಡೆಯುವುದಿಲ್ಲ. ಎರಡೂ ಪರದೆಗಳು ಒಟ್ಟಿಗೆ ಬೆಳಗುತ್ತವೆ, ಚಿತ್ರವಿಲ್ಲದ ಬರಿಯ ಬಿಳಿ. ಸರಸ ಅಂಗೈಯಿಂದ ತಮ್ಮ ಎಡಗಣ್ಣು ಮುಚ್ಚಿಕೊಳ್ಳುತ್ತಾರೆ. ಕಾಯಿ ನೋಡುತ್ತಾರೆ. ಪರದೆ ನೋಡುತ್ತಾರೆ. ಮತ್ತೆ ಕಾಯಿ.

ಬೈಂದೂರಿನ ಬಸ್ ನಿಲ್ದಾಣದ ಹತ್ತಿರ, ಬೇಕರಿಯೊಂದರ ಮೇಲಿನ ಮಾಳಿಗೆ ಇದು. ಪಡುವಣ ಕಿಟಕಿ ತೆರೆದಿದೆ. ಸೂರ್ಯ ಇನ್ನೂ ಮೂಡಣದ ಗುಡ್ಡ ಹತ್ತಿಲ್ಲ. ಕಡಲ ಕಡೆಯ ಆಕಾಶದಿಂದ ಬಿಸಿಲೂ ಅಲ್ಲದ ನೆರಳೂ ಅಲ್ಲದ ಒಂದು ಬೆಳಕು ಒಳಗೆ ಬರುತ್ತಿದೆ. ಸರಸ ಪರದೆ ನೋಡುವುದು ಈ ಬೆಳಕಿನಲ್ಲಿ ಮಾತ್ರ. ಕೆಳಗೆ ಬನ್ನು ಬೇಯುವ ವಾಸನೆ ಏಳುವಾಗ ಶುರು, ಎದುರಿನ ತೆಂಗಿನ ತಲೆಗೆ ಬಿಸಿಲು ತಾಗಿದರೆ ಮುಗಿಯಿತು. “ಬಿಸ್ಲ್ ಬಿದ್ದ್ ಮೇಲೆ ಎಲ್ಲದೂ ಹಳದಿ. ಟ್ಯೂಬ್‌ಲೈಟ್ ಹಾಕ್ರೆ ಎಲ್ಲದೂ ಹಸುರ್. ಆಮೇಲ್ ಎಂತ ಕಾಂಬುದ್?” ಎನ್ನುತ್ತಾರೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಫೋಟೊ ಸ್ಟುಡಿಯೋದವರು ಹೊಸ ಮಾನಿಟರ್ ಕೊಳ್ಳುವ ಮುಂಚೆ ಕರೆಯುವುದು ಇವರನ್ನು. ಹಿಂದಿನವರು ದನ ಕೊಳ್ಳುವ ಮುಂಚೆ ಅದರ ಸುಳಿ ನೋಡಬಲ್ಲವರನ್ನು ಕರೆಯುತ್ತಿದ್ದ ಹಾಗೆ. ಸರಸರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಕೋಡಿಯ ಮನೆಯಿಂದ ಮೊದಲ ಬಸ್ಸು ಹಿಡಿದು ಬಂದು ಪರದೆ ನೋಡಿ, ಕಾಯಿಯ ಒಂದು ಕಡಿಯನ್ನು ಸ್ಟುಡಿಯೋದವರಿಗೆ ಬಿಟ್ಟು ಇನ್ನೊಂದನ್ನು ರಾತ್ರಿಯ ಸಾರಿಗೆಂದು ಚೀಲಕ್ಕೆ ಹಾಕಿಕೊಂಡು, ಕುಂದಾಪುರದ ಆಲ್ಬಮ್ ಡಿಸೈನ್ ಕೇಂದ್ರದಲ್ಲಿ ತಮ್ಮ ಕುರ್ಚಿಗೆ ಹೋಗಿ ಕೂರುತ್ತಾರೆ. ಅಲ್ಲಿ ಸಂಜೆಯವರೆಗೆ ಮದುವೆ ಫೋಟೊಗಳ ಬಣ್ಣ ತಿದ್ದುವ ಕೆಲಸ. ಸೀಸನ್ನಿನಲ್ಲಿ ದಿನಕ್ಕೆ ನಾನ್ನೂರು ಮುಖ ಅವರ ಕೈಯಡಿ ದಾಟುತ್ತವೆ. ಆ ಮುಖಗಳ ಪೈಕಿ ಯಾರಿಗೂ ಇವರ ಮುಖದ ಗುರುತಿಲ್ಲ.

ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಿದರೆ ಮೇಜಿನ ಮೇಲಿರುವ ಎರಡೂ ಅವಳಿಗಳು. ಇಪ್ಪತ್ನಾಲ್ಕು ಇಂಚು, ಬಳೆಯಷ್ಟು ತೆಳು ಅಂಚು, ಎರಡರ ಮೇಲೂ ಐಪಿಎಸ್ ಎಂಬ ಅಕ್ಷರ. ಪಕ್ಕಕ್ಕೆ ಸರಿದು ಕೂತು ನೋಡಿದರೂ ಬಣ್ಣ ಮಾಸದ ಬಗೆಯ ಪರದೆ ಅದು. ಫೋಟೊ ಕೆಲಸಕ್ಕೆ ಬೇಕಾದದ್ದೇ. ಮೊದಲೆಲ್ಲ ಆಯ್ಕೆ ಸುಲಭವಿತ್ತು, ಕಳಪೆ ಪರದೆ ತಲೆ ಓರೆ ಮಾಡಿದರೆ ಸಿಕ್ಕಿಬೀಳುತ್ತಿತ್ತು. ಈಗ ಎಲ್ಲವೂ ಐಪಿಎಸ್, ಎಲ್ಲವೂ ಚೆಂದ.

“ಕೆಟ್ಟದ್ರಗೆ ಒಳ್ಳೆದ್ ಹೆಕ್ಕುಕೆ ಯಾರಿಗೂ ಆತ್ತ್. ಒಳ್ಳೆದ್ರಗೆ ಸಮ ಇಪ್ಪುದ್ ಹೆಕ್ಕುದ್ ಕಾಣಿ ಕೆಲ್ಸ,” ಎನ್ನುತ್ತಾರೆ ಸರಸ.

ಇವತ್ತಿನ ಕೆಲಸ ಬರಿಯ ಕೆಲಸವಲ್ಲ. ಕಿರಿಮಂಜೇಶ್ವರದ ನಿಶ್ಮಿತಾಳ ಮದುವೆ ಆಲ್ಬಮ್ ಎರಡು ಸಲ ಮುದ್ರಣವಾಗಿ ಎರಡು ಸಲವೂ ವಾಪಸ್ ಬಂದಿದೆ. ಧಾರೆಯ ಫೋಟೊದಲ್ಲಿ, ಊಟದ ಫೋಟೊದಲ್ಲಿ, ಕಾರು ಹತ್ತುವ ಫೋಟೊದಲ್ಲಿ, ಎಲ್ಲೆಲ್ಲೂ ಹುಡುಗಿಯ ಮುಖ ಹಳದಿ. “ಅರಶಿನ ಹಚ್ಚಿದ್ ಒಂದೇ ದಿನ ಅಲ್ದಾ ಸುಧಾಕರಣ್ಣ? ನೀವ್ ಮೂರೂ ದಿನ ಹಚ್ಚಿದ್ರಿ,” ಎಂದು ಅವಳು ಹೇಳಿ ಕಳಿಸಿದ್ದಾಳೆ. ಸುಧಾಕರ ಬಣ್ಣ ತಿದ್ದಿದ್ದು ಹಳೆಯ ಮಾನಿಟರಿನಲ್ಲಿ. ಆ ಮಾನಿಟರನ್ನು ಕಳೆದ ವರ್ಷ ಇದೇ ಮೇಜಿನ ಮೇಲೆ ಕಾಯಿ ಒಡೆದು ಆರಿಸಿಕೊಟ್ಟವರು ಸರಸ.

ಫೋಟೊಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದ್ದರು: ಸರಸಕ್ಕನ ಕಣ್ಣ್ ಹೋಯ್ತ್ ಅಂಬ್ರಲೆ, ಹೌದಾ? ಸುಧಾಕರ ಉತ್ತರ ಬರೆಯಲಿಲ್ಲ, ಬಸ್ಸು ಹತ್ತಿ ಕೋಡಿಗೆ ಹೋದ. ಸರಸ ಅವನಿಗೆ ಚಹಾ ಕೊಟ್ಟು ಒಂದೇ ಮಾತು ಹೇಳಿದರು. “ಇನ್ನೊಂದ್ಸಲ ಬಂದ್ ಕಾಂತೆ. ಮೂರ್ನೇ ಆಲ್ಬಮ್ಮೂ ತಿರ್ಗಿ ಬಂದ್ರೆ, ಇನ್ ಯಾರ್ ಕರೆದ್ರೂ ಪರದಿ ಕಾಂಬುಕ್ ಬತ್ತಿಲ್ಲೆ.”

ಈ ಕಣ್ಣು ತಯಾರಾದದ್ದು ಬಸ್ರೂರಿನಲ್ಲಿ. ಬಣ್ಣದ ಫೋಟೊ ದುಬಾರಿಯಾಗಿದ್ದ ಕಾಲ. ಚೆನ್ನಯ್ಯ ಎಂಬವರ ಸ್ಟುಡಿಯೋದಲ್ಲಿ ಕಪ್ಪುಬಿಳುಪು ಚಿತ್ರಗಳಿಗೆ ಹತ್ತಿ ಸುತ್ತಿದ ಕಡ್ಡಿಯಿಂದ ಬಣ್ಣ ಹಚ್ಚುವ ಕೆಲಸಕ್ಕೆ ಹದಿನಾರರ ಸರಸ ಸೇರಿಕೊಂಡರು. ಕೆನ್ನೆಗೆ ಒಂದು ಹನಿ ಗುಲಾಬಿ, ಸೀರೆಯಂಚಿಗೆ ಹಸಿರು. ಸತ್ತವರ ಚಿತ್ರವಾದರೆ ಕೆನ್ನೆಗೆ ಬಣ್ಣ ಇನ್ನಷ್ಟು ಕಡಿಮೆ. ಹೆಚ್ಚಾದರೆ ಮನೆಯವರು ನೋಡಿ ಹೆದರುತ್ತಿದ್ದರು. ಎಲ್ಲಕ್ಕಿಂತ ಕಷ್ಟದ್ದು ಕಣ್ಣಿನ ಬಿಳಿ.

ಅದನ್ನು ಕಲಿಸಲು ಚೆನ್ನಯ್ಯ ಒಂದು ದಿನ ಅಂಗಳಕ್ಕೆ ಕರೆದು ಕಾಯಿ ಒಡೆದರಂತೆ. ಅವರ ಮಾತನ್ನು ಸರಸ ಇವತ್ತಿಗೂ ಅದೇ ಧಾಟಿಯಲ್ಲಿ ಹೇಳುತ್ತಾರೆ: “ಕಾಗ್ದದ ಬಿಳಿ ನಂಬ್ಬೇಡ ಹೆಣೆ, ಅದಕ್ಕೆ ಕಂಪೆನಿಯವ್ರ್ ನೀಲಿ ಹಾಕಿರ್ತ್ರ್. ಪಂಚಿ ಬಿಳಿ ನಂಬ್ಬೇಡ, ಅದಕ್ಕೆ ಮಡಿವಾಳ ನೀಲಿ ಹಾಕಿರ್ತ. ಈಗಷ್ಟೇ ಒಡ್ದ್ ಕಾಯಿಗೆ ಯಾರೂ ನೀಲಿ ಹಾಕ್ಲಿಲ್ಲೆ.”

ಚೆನ್ನಯ್ಯ ಹೋದರು, ಸ್ಟುಡಿಯೋ ಹೋಯಿತು, ಬಣ್ಣದ ಸೀಸೆಗಳು ಒಣಗಿದವು. ಆ ಬಿಳಿ ಮಾತ್ರ ಸರಸರ ಜೊತೆ ಬಂತು. ಬಣ್ಣದ ಪ್ರಿಂಟ್ ಬಂದಾಗ, ಡಿಜಿಟಲ್ ಬಂದಾಗ, ಪೆಟ್ಟಿಗೆಯಂಥ ಪರದೆ ಹೋಗಿ ಹಲಗೆಯಂಥ ಪರದೆ ಬಂದಾಗ, ಅವರು ಮಾಡಿದ್ದು ಒಂದೇ: ಪಕ್ಕದಲ್ಲಿ ಕಾಯಿ ಒಡೆದಿಟ್ಟು ನೋಡಿದ್ದು. ನೋಡುತ್ತ ನಿಂತವರಿಗೆ ಮೊದಲು ನಗು ಬರುತ್ತದೆ. ಸ್ವಲ್ಪ ಹೊತ್ತು ಕಳೆದರೆ ನಗು ನಿಲ್ಲುತ್ತದೆ. ಬರಿಯ ಬಿಳಿಯ ಮುಂದೆ ಒಬ್ಬ ಹೆಂಗಸು ಅಷ್ಟು ಹೊತ್ತು, ಅಷ್ಟು ಮೌನವಾಗಿ ಕೂತಿರುವುದನ್ನು ಕಂಡರೆ ಧ್ವನಿ ತಾನೇ ಇಳಿಯುತ್ತದೆ.

ಆದರೆ ಕಾಯಿ ನೋಡುವುದು ಕಣ್ಣು. ಕಣ್ಣಿಗೇ ಹಳದಿ ಹಿಡಿದರೆ?

ಅದನ್ನು ಕಂಡುಹಿಡಿದದ್ದು ಬ್ರಹ್ಮಾವರದ ಸ್ಟುಡಿಯೋದ ಸ್ವಾತಿ. ಅವಳು ಬಣ್ಣ ಅಳೆಯುವ ಪುಟ್ಟ ಯಂತ್ರವೊಂದನ್ನು ತರಿಸಿದ್ದಳು; ಮೌಸಿನಷ್ಟು ದೊಡ್ಡದು, ಪರದೆಗೆ ತೂಗುಬಿಟ್ಟರೆ ತಾನೇ ಲೆಕ್ಕ ಹೇಳುತ್ತದೆ. ಸರಸ ತನಗೆ ಆರಿಸಿಕೊಟ್ಟ ಮಾನಿಟರಿಗೆ ತೂಗುಹಾಕಿದಾಗ ಅದು ಹೇಳಿತು: ನೀಲಿ ಹೆಚ್ಚು. ಸ್ವಾತಿ ಅಳುಕುತ್ತ ಫೋನು ಮಾಡಿದಳು. ಯಂತ್ರವೇ ತಪ್ಪಿರಬೇಕು ಎಂದು ಅವಳೇ ಸಮಾಧಾನವನ್ನೂ ಹೇಳಿದಳು.

“ಯಂತ್ರಕ್ಕೆ ಎಂತಕ್ ಬೈಯುದ್? ಅದಕ್ಕೆ ವಯಸ್ಸಾಯ್ಲಿಲ್ಲೆ. ನಂಗೆ ಆಯ್ತ್,” ಎಂದು ಸರಸ ಮರುದಿನವೇ ಉಡುಪಿಗೆ ಹೋಗಿ ಕಣ್ಣು ತೋರಿಸಿದರು. ಎರಡೂ ಕಣ್ಣಿಗೆ ಪೊರೆ. ಚಹಾದ ನೀರಿನಂಥ ಗಾಜಿನ ಮೂಲಕ ಅವರು ವರ್ಷಗಳಿಂದ ಲೋಕ ನೋಡುತ್ತಿದ್ದರು. ಆ ಕಣ್ಣು ಕಾಯಿಯ ಬಿಳಿಗಿಂತ ಪರದೆಯ ನೀಲಿಯನ್ನೇ ಹೆಚ್ಚು ತಿಂದುಹಾಕುತ್ತಿತ್ತು, ಆದ್ದರಿಂದ ನೀಲಿ ಹೆಚ್ಚಿದ್ದ ಪರದೆಯೇ ಅವರಿಗೆ ಕಾಯಿಯ ಹಾಗೆ ಕಾಣುತ್ತಿತ್ತು. ಅಂಥ ಪರದೆಯ ಮುಂದೆ ಕೂತ ಸುಧಾಕರ, ಮುಖ ತಣ್ಣಗಾಗಿದೆಯೆಂದು ಹಳದಿ ಸೇರಿಸುತ್ತ ಹೋದ. ನಿಶ್ಮಿತಾಳ ಮೂರು ದಿನದ ಅರಶಿನದ ಕತೆ ಇಷ್ಟೇ.

ಬಲಗಣ್ಣಿನ ಆಪರೇಷನ್ ಆಗಿದೆ. ಎಡಗಣ್ಣಿನದು ಬಾಕಿ. ಹಾಗಾಗಿ ಇವತ್ತು ಬೈಂದೂರಿನ ಮಾಳಿಗೆಯಲ್ಲಿ ಒಬ್ಬರೇ ಸರಸರಿಗೆ ಎರಡು ಬಿಳಿಗಳಿವೆ.

ಅವರು ಪರದೆಗಳ ಗುಂಡಿ ಒತ್ತಿ ತಿದ್ದಿ ನೋಡುತ್ತಾರೆ. ಎಡಗಡೆಯದರ ಬಿಳಿಯನ್ನು ಕಾಯಿಯ ಹತ್ತಿರ ತಂದರೆ ಅದರ ಬೂದುಬಣ್ಣ ಗುಲಾಬಿಗೆ ಜಾರುತ್ತದೆ, ತಿದ್ದಿದ್ದನ್ನು ಮತ್ತೆ ಅಳಿಸುತ್ತಾರೆ. ಬಲಗಡೆಯದು ತಿದ್ದದೆಯೇ ಕಾಯಿಯ ಹತ್ತಿರ ಇದೆ, ಆದರೆ ಕಪ್ಪು ಮಾಡಿದಾಗ ಕೆಳಗಿನ ಮೂಲೆಯಲ್ಲಿ ಬೂದಿ ಚೆಲ್ಲಿದಂತೆ ಮಂಕು ಬೆಳಕು. ಇಷ್ಟು ಬಲಗಣ್ಣಿನ ಮಾತು. ಅಂಗೈ ಬದಲಿಸಿ ಬಲಗಣ್ಣು ಮುಚ್ಚಿದರೆ ಎಲ್ಲ ತಲೆಕೆಳಗು. ಎಡಗಡೆಯ ಪರದೆಯೇ ಸರಿ, ಕಾಯಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಜೀವಮಾನವಿಡೀ ಅನ್ನ ಕೊಟ್ಟ ಕಣ್ಣು ಒಂದು ಹೇಳುತ್ತದೆ, ಮೊನ್ನೆ ಬಂದ ಕಣ್ಣು ಇನ್ನೊಂದು.

ಅವರು ಅಂಗೈ ಇಳಿಸುತ್ತಾರೆ. ಕೆಳಗೆ ಬೇಕರಿಯವರು ಶಟರ್ ಎತ್ತುವ ಸದ್ದು.

“ಹ್ವಾಯ್, ಬಾ ಇಲ್ಲ್. ಕೂಕೊ,” ಎನ್ನುತ್ತಾರೆ ಕೊನೆಗೆ. ಇನ್ನೊಬ್ಬರ ಕಣ್ಣನ್ನು ಅವರು ಕೇಳಿದ್ದು ಇದೇ ಮೊದಲು.

ಸುಧಾಕರ ಕೂತು ನೋಡುತ್ತಾನೆ. “ನಂಗೆ ಎರಡೂ ಒಂದೇ ಕಣಂಗೆ ಕಾಣ್ತ್ ಸರಸಕ್ಕ. ಸುಳ್ಳ್ ಹೇಳ್ಲಾ?”

“ಪರದಿ ಕಾಣ್ಬೇಡ. ಕಾಯಿ ಕಾಣ್. ಕಂಡ್ಕಂಡೇ ಇರ್. ನಾ ಹೇಳ್ದ್ ಮೇಲೆ ಪರದಿ ಕಾಣ್.”

“ಕಾಯಿ ಕಂಡ್ರೆ ಹೊಟ್ಟಿ ಹಸಿತ್ತ್.”

“ಬಾಯ್ ಮುಚ್ಚ್, ಕಣ್ಣ್ ಬಿಡ್.”

ಅವನು ಕಾಯಿ ನೋಡುತ್ತಾನೆ. ಮೊದಲು ಅದು ಬರಿಯ ಕಾಯಿ. ಆಮೇಲೆ ಅದರ ಬಿಳಿಯೊಳಗೆ ಆಳ ಕಾಣತೊಡಗುತ್ತದೆ, ಅಂಚಿನಲ್ಲಿ ತೇವದ ಹೊಳಪು, ನಡುವೆ ಹೆಸರಿಲ್ಲದ ಒಂದು ಮೆದು. ಸರಸ “ಈಗ” ಎನ್ನುತ್ತಾರೆ. ಅವನು ತಲೆ ಎತ್ತುತ್ತಾನೆ.

“ಅಯ್ಯೋ ದೇವ್ರೇ!” ಸುಧಾಕರ ಅರ್ಧ ಎದ್ದೇಬಿಡುತ್ತಾನೆ. “ಎಡ್ಗಡಿದ್ ನೀಲಿ ಅದ್ದಿದ್ ಪಂಚಿ ಕಣಂಗೆ ಇತ್ತಲೆ! ಇಷ್ಟ್ ಹೊತ್ತ್ ಎಲ್ಲಿತ್ತ್ ಇದ್?”

ಸುಧಾಕರ ಗೋಡೆ ನೋಡುತ್ತಾನೆ, ಆಲ್ಬಮ್ಮಿನ ಕಾಗದ ನೋಡುತ್ತಾನೆ, ಬಗ್ಗಿ ತನ್ನ ಬನಿಯನ್ನೇ ನೋಡಿಕೊಳ್ಳುತ್ತಾನೆ. ಒಂದೊಂದೂ ಒಂದೊಂದು ಬಿಳಿ. ಇಷ್ಟು ವರ್ಷ ಫೋಟೊ ತೆಗೆದ ಮನುಷ್ಯ, ತನ್ನದೇ ಕೋಣೆಗೆ ಇವತ್ತು ಹೊಸದಾಗಿ ಕಾಲಿಟ್ಟವನ ಹಾಗೆ ಸುತ್ತ ತಿರುಗಿ ನಿಲ್ಲುತ್ತಾನೆ.

ಸರಸ ಬಲಗಡೆಯ ಪರದೆಯನ್ನು ತಟ್ಟುತ್ತಾರೆ. “ಇದ್ ಇರ್ಲಿ.”

“ಮೂಲಿಯಗೆ ಮಂಕ್ ಬೆಳ್ಕ್ ಇತ್ತಲೆ?”

“ಮೂಲಿಯಗೆ ಯಾರ್ ಮದ್ಮಗಳ್ ಮುಖ ಇಡ್ತ್ರ್?”

ತೆಂಗಿನ ತಲೆಗೆ ಬಿಸಿಲು ತಾಗುವ ಹೊತ್ತಿಗೆ ಎಡಗಡೆಯದು ಪೆಟ್ಟಿಗೆಯೊಳಗಿರುತ್ತದೆ. ಆವತ್ತೂ ಮರುದಿನವೂ ಸುಧಾಕರ ಹೊಸ ಪರದೆಯ ಮುಂದೆ ಕೂತು ಮದುವೆಯನ್ನು ಮೊದಲಿನಿಂದ ತಿದ್ದುತ್ತಾನೆ. ಆಲ್ಬಮ್ ಮುದ್ರಣಕ್ಕೆ ಹೋಗುತ್ತದೆ. ಅದು ಬರುವವರೆಗೆ ಸರಸ ಬೇರೆ ಎರಡು ಸ್ಟುಡಿಯೋಗಳ ಕರೆಗೆ “ಈಗ ಬಪ್ಪುಕ್ ಆತಿಲ್ಲೆ” ಎಂದಿದ್ದಾರೆ.

ಆಲ್ಬಮ್ ಕೊಡಲು ಕಿರಿಮಂಜೇಶ್ವರಕ್ಕೆ ಅವರೂ ಹೋಗುತ್ತಾರೆ. ಹಿಂದೆಂದೂ ಹೋದವರಲ್ಲ. ಜಗಲಿಯ ಬೆಂಚಿನ ತುದಿಯಲ್ಲಿ, ಸ್ಟುಡಿಯೋದ ಕೆಲಸದವರ ಹಾಗೆ ಕೂರುತ್ತಾರೆ. ನಿಶ್ಮಿತಾ ಮೊದಲ ಪುಟ ತೆರೆಯುತ್ತಾಳೆ. ಅವಳ ತಾಯಿ ಹರಿಣಾಕ್ಷಿ ಹಿಂದಿನಿಂದ ಬಗ್ಗಿ, “ಈ ಸಲ ಅರಶಿನದ ಡಬ್ಬಿ ಖಾಲಿಯಾಯ್ತ್ ಕಾಣತ್ತ್,” ಎಂದು ಛೇಡಿಸುತ್ತಾರೆ. ಮಗಳು ನಗುವುದಿಲ್ಲ. ಬಳೆಗಳನ್ನು ಮೊಣಕೈಯತ್ತ ಸರಿಸಿ, ಧಾರೆಯ ಫೋಟೊದಲ್ಲಿರುವ ತನ್ನ ಕೈಯ ಪಕ್ಕದಲ್ಲಿ ತನ್ನ ಕೈಯನ್ನೇ ಇಡುತ್ತಾಳೆ. ನೋಡುತ್ತಾಳೆ. ಸುಧಾಕರ ಉಗುರು ಕಚ್ಚುತ್ತಿದ್ದಾನೆ.

“ಅಮ್ಮಾ, ಕಾಣಿ,” ಎನ್ನುತ್ತಾಳೆ. “ನನ್ನ್ ಕೈ ನನ್ನ್ ಕೈ ಕಣಂಗೇ ಇತ್ತ್.”

ಸರಸ ಎದ್ದು ಅಂಗಳಕ್ಕೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಹಿಂದೆಯೇ ಬಂದ ಸುಧಾಕರನಿಗೆ, “ಆಪರೇಷನ್ ಆದ್ ಕಣ್ಣ್ ಮರಾಯಾ, ನೀರ್ ಬತ್ತ್,” ಎನ್ನುತ್ತಾರೆ. ನೀರು ಎರಡೂ ಕಣ್ಣಿನಲ್ಲಿದೆ.

ಸುದ್ದಿಗೆ ಕಾಲು ಬೇಕೇ? ಆ ವಾರವೇ ಕುಂದಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಶೋಕ್, ಸರಸರನ್ನು ಒಳಗೆ ಕರೆದು ಕುರ್ಚಿ ಹಾಕಿ, ಕಬ್ಬಿನ ಹಾಲು ತರಿಸುತ್ತಾನೆ. ಸುಧಾಕರನಿಗೆ ಆ ಎರಡು ಪರದೆಗಳನ್ನು ಕಳಿಸಿಕೊಟ್ಟವನು ಅವನೇ. ಹಿಂದೆ ಗೋಡೆಯುದ್ದಕ್ಕೂ ಹೊಸ ಮಾನಿಟರುಗಳ ಪೆಟ್ಟಿಗೆಗಳು ಸೂರು ಮುಟ್ಟುತ್ತಿವೆ. ಬಲಗಡೆಯ ಪರದೆಯದೇ ಕಂಪೆನಿ, ಅದೇ ಮಾಡೆಲ್. ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಾನೆ. ದುಂಡಗಿನ ಸ್ಟಿಕ್ಕರ್, ನಡುವೆ ಸರಸರ ಮುಖ, ಸುತ್ತ ಬಂಗಾರದ ಅಕ್ಷರ: ಸರಸಕ್ಕ ನೋಡಿ ಆರಿಸಿದ್ದು.

“ಪ್ರತಿ ಪೆಟ್ಟಿಗಿ ಮೇಲೂ ಇದನ್ ಅಂಟ್ಸುದ್. ನಿಮ್ಗೆ ಪೆಟ್ಟಿಗಿಗೆ ಇಷ್ಟ್ ಅಂದ್ಹೇಳಿ ಕೊಡ್ತೆ. ನೀವಿನ್ ಬೆಳಿಗ್ಗೆ ಬಸ್ಸಿಗ್ ಓಡುದೇ ಬ್ಯಾಡ. ಮನೆಯಗೇ ಕೂಕಣಿ.”

ಸರಸ ಸ್ಟಿಕ್ಕರಿನ ಮುಖವನ್ನು ಸ್ವಲ್ಪ ಹೊತ್ತು ನೋಡುತ್ತಾರೆ. “ಕೆನ್ನಿಗೆ ಕೆಂಪ್ ಹೆಚ್ಚಾಯ್ತ್,” ಎನ್ನುತ್ತಾರೆ.

“ಕಮ್ಮಿ ಮಾಡ್ಸ್ವ.”

“ಈ ಪೆಟ್ಟಿಗಿ ಎಲ್ಲ ತೆರಿತ್ಯಾ? ಒಂದೊಂದೇ ಕಾಂತೆ.”

“ತೆರೆದ್ರೆ ಸೀಲ್ ಹೋತ್ತಲೆ ಸರಸಕ್ಕ, ಯಾರೂ ತಕಂತ್ರಿಲ್ಲೆ. ಒಂದೇ ಕಂಪೆನಿ, ಒಂದೇ ನಂಬ್ರ. ಒಂದ್ ಕಂಡ್ರೆ ಎಲ್ಲ ಕಂಡಂಗೇ ಅಲ್ದಾ?”

ಸರಸ ಲೋಟ ಕೆಳಗಿಟ್ಟು, ಚೀಲ ಹೆಗಲಿಗೇರಿಸಿ ಎದ್ದು ನಿಲ್ಲುತ್ತಾರೆ.

“ಬ್ಯಾಡ,” ಎನ್ನುತ್ತಾರೆ. “ನಾ ಕಾಣ್ದಿದ್ದದ್ರ ಮೇಲೆ ನನ್ನ್ ಹೆಸ್ರ್ ಬ್ಯಾಡ.”