ರಾಣಿಯ ಬಲಗೈ

ಮಕ್ಕಳೇ, ಬಯಲಾಟ ನೋಡಿ ಬಂದ ದಿನ ನೀವು ಕೇಳಿದಿರಿ, "ರಾಣಿ ಅಳುವಾಗ ಬಲಗೈ ಯಾಕಜ್ಜಿ ಸುತ್ತಿಸ್ತಾಳೆ?" ಎಂದು. ಎದುರಿಗೆ ಹೇಳಲು ನಾಚಿಕೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊಳಕಾಲ್ಮೂರು ಕಡೆಯಿಂದ ತಳಕಿನ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ರಾಣಿಯ ಪಾತ್ರ ನಮ್ಮ ಮನೆಯದಾಗಿತ್ತು. ಇಲ್ಲಿ ಪಾತ್ರಗಳು ಹೊಲದ ಹಾಗೆ ಅಪ್ಪನಿಂದ ಮಗನಿಗೆ ಬರುತ್ತಿದ್ದವು. ನನ್ನ ಮಾವ ಬಹಳ ವರ್ಷ ಸೀರೆ ಉಟ್ಟು ಕುಣಿದವರು. ಅವರ ಹಲ್ಲು ಬಿದ್ದು ಮಾತು ಗಾಳಿಗೆ ಹೋಗತೊಡಗಿದ ಮೇಲೆ ಗೆಜ್ಜೆ ನಿಮ್ಮ ತಾತನ ಕಾಲಿಗೆ ಬಂತು.

ಆಟ ಕಲಿಸುವ ಮೇಷ್ಟ್ರು ತೆಲುಗು ಸೀಮೆಯವರು. ಮಾತು ಕನ್ನಡ, ಕುಣಿತ ನಮ್ಮ ಊರಿನದು. ರಾಣಿ ಕಾಡಿನಲ್ಲಿ ಮಗನನ್ನು ಕಳೆದುಕೊಂಡು ಅಳುವ ಪದ ಮಾತ್ರ ತೆಲುಗಿನದು. ತವರಿನ ಕಡೆ ತೆಲುಗು ಕೇಳಿ ಬೆಳೆದಿದ್ದರಿಂದ ಅದನ್ನು ನಾನೇ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಮಾತುಗಳೆಲ್ಲ ನಿಮ್ಮ ತಾತನಿಗೆ ಬಾಯಿಪಾಠವಾದವು, ರಾಗದ ಎಳೆತ ಮಾತ್ರ ಬರಲಿಲ್ಲ.

"ಇದಿ ಕಾದಪ್ಪಾ, ಇದಲ್ಲ! ಮಗ ಸತ್ತವಳು ಹಂಗೆ ಓಡೋಡಿ ಅಳ್ತಾಳೇನೋ?" ಎಂದು ಮೇಷ್ಟ್ರು ಗದರಿ, ಎಲ್ಲರ ಮುಂದೆ ಹೇಳಿಬಿಟ್ಟರು: "ಈ ಸಲ ತಪ್ಪಿದ್ರೆ ರಾಣಿ ಬೇರೆ ಮನೆಗೆ ಹೋಗ್ತಾಳೆ." ಆ ದಿನ ಮಾವ ಊಟ ಮಾಡಲಿಲ್ಲ.

ಒಂದು ಬೆಳಗಿನ ಜಾವ ನಾನು ರಾಗಿ ಬೀಸುತ್ತಾ ಗುನುಗುತ್ತಿದ್ದೆ. ಆ ಪದದ ಧಾಟಿ ನನ್ನ ಅವ್ವ ಬೀಸುವಾಗ ಹಾಡುತ್ತಿದ್ದ ಧಾಟಿಯೇ. ನಿಮ್ಮ ತಾತ ಬಂದು ಎದುರು ಕೂತು ಬೀಸುವ ಕಲ್ಲಿನ ಗೂಟಕ್ಕೆ ಕೈ ಹಾಕಿದರು.

"ಬಿಡ್ರಿ, ಯಾರಾದ್ರೂ ನೋಡಿದ್ರೆ ನಗ್ತಾರೆ" ಎಂದೆ.

"ನೀ ಹಾಡು. ಅವ್ವಂಗೆ ಹೇಳಬ್ಯಾಡ."

ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ರಾಗದ ಒಂದು ಎಳೆತ. ಅವರ ಕೈ ತಿರುಗಿದರೆ ಗಂಟಲೂ ತಿರುಗುತ್ತಿತ್ತು. ಹದಿನೈದು ದಿನ ಹೀಗೆ ಬೀಸಿದೆವು. ಹಿಟ್ಟು ಹೆಚ್ಚಾಗಿದ್ದು ಕಂಡು ಅತ್ತೆ, "ಮೊಳಕಾಲ್ಮೂರು ಹುಡುಗಿ ಕೈ ಭಾಳ ಚುರುಕೈತೆ ಬಿಡು" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು.

ಆಟದ ದಿನ ನನ್ನ ಮದುವೆಯ ರೇಷ್ಮೆ ಸೀರೆಯನ್ನೇ ನಿಮ್ಮ ತಾತನಿಗೆ ಉಡಿಸಿದ್ದರು. ಅಳುವ ಪದ ಬರುವಷ್ಟರಲ್ಲಿ ಬೆಳಗಾಗಿ ದೀಪಗಳು ಮಂಕಾಗಿದ್ದವು. ಮುಖವೀಣೆ ಊದಿದರು, ಮದ್ದಳೆಯ ಪೆಟ್ಟು ಬಿತ್ತು. ನಿಮ್ಮ ತಾತ ಬಾಯಿ ತೆರೆಯಲಿಲ್ಲ. ಇನ್ನೊಮ್ಮೆ ಊದಿದರು. ಆಗಲೂ ಇಲ್ಲ.

ಜನರನ್ನು ನಗಿಸುವ ಸಾರಥಿ ಪಾತ್ರದವನು ಮುಂದೆ ಬಂದು, "ಏನವ್ವಾ ರಾಣಿ, ಗಂಟ್ಲಾಗೆ ಮುದ್ದೆ ಸಿಕ್ಕೊಂಡೈತೇನು?" ಎಂದ. ಜನ ಗೊಳ್ಳೆಂದರು. ಮಾವ ತಲೆ ತಗ್ಗಿಸಿ ಕೂತರು.

ನಾನು ಹೆಂಗಸರ ಗುಂಪಿನಲ್ಲಿ ಅತ್ತೆಯ ಪಕ್ಕದಲ್ಲಿದ್ದೆ. ನಾಲ್ಕು ಜನರ ಮುಂದೆ ಕೆಮ್ಮುವುದಕ್ಕೂ ಹೆದರುತ್ತಿದ್ದವಳು. ಏನು ತೋಚಿತೋ, ಎದ್ದು ನಿಂತು ಬಲಗೈ ಮುಂದೆ ಚಾಚಿ ಬೀಸುವ ಹಾಗೆ ಸುತ್ತಿಸಿದೆ.

"ಏನೇ ಅದು, ಕೈಗೇನಾತು?" ಎಂದರು ಅತ್ತೆ.

"ಸೊಳ್ಳೆ, ಅತ್ತೆ."

ನಿಮ್ಮ ತಾತ ನನ್ನ ಕೈ ನೋಡಿದರು. ಮೆಲ್ಲಗೆ ಮಂಡಿಯೂರಿ ಕೂತರು. ಬಲಗೈ ತಿರುಗಿತು. ಪದ ಬಂತು. ತೆಲುಗು ತಿಳಿಯದ ನಮ್ಮ ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಮೇಷ್ಟ್ರು ನಿಮ್ಮ ತಾತನ ಬೆನ್ನು ತಟ್ಟಿ, "ಮಗು ಮಲಗಿದ್ದ ಜಾಗ ಸವರಿದ ಹಂಗೆ ಮಾಡಿದೆಯಲ್ಲೋ! ನಾನು ಹೇಳಿಕೊಟ್ಟಿರಲಿಲ್ಲ. ಇನ್ನು ಮುಂದೆ ರಾಣಿ ಹಿಂಗೇ ಮಾಡಬೇಕು" ಎಂದರು. ನಿಮ್ಮ ತಾತ ಮರುದಿನ ಬೆಳಗಿನ ಜಾವ ಎಂದಿನಂತೆ ಬಂದು ಕಲ್ಲಿನ ಮುಂದೆ ಕೂತರು.

ಅವರು ಹೋದ ಮೇಲೆ ನಾನು ಆಟದ ಬಯಲಿಗೆ ಹೋಗಿಲ್ಲ, ಹಿತ್ತಲ ಗೋಡೆಯ ಹಿಂದೆ ನಿಂತು ನೋಡುತ್ತೇನೆ. ಈಗ ರಾಣಿ ನಿಮ್ಮ ಅಪ್ಪ. ಚೆನ್ನಾಗಿಯೇ ಹಾಡುತ್ತಾನೆ. ಆದರೆ ನಿಂತುಕೊಂಡು ಕೈಯನ್ನು ಮುಖದ ಮುಂದೆ ಸುತ್ತಿಸುತ್ತಾನೆ. ಕೂತು, ಮೊಣಕಾಲಿನ ಎತ್ತರದಲ್ಲಿ ಸುತ್ತಿಸಬೇಕು ಎಂದು ಅವನಿಗೆ ಹೇಳಿ. ನಾನು ಹೇಳಿದೆ ಅನ್ನಬೇಡಿ.